ಸೋಡಿಯಂ 128 ಬಂದಿದೆ: ಉಪ್ಪು ಜಾಸ್ತಿ ಮಾಡಬೇಕೋ, ನೀರು ಕಡಿಮೆ ಮಾಡಬೇಕೋ?

ಹಳೇಸೈಕಲ್:
ಅಪ್ಪನಿಗೆ ಎಪ್ಪತ್ತು ದಾಟಿದೆ. ಬಿಪಿಗೆ ಎರಡು ಮಾತ್ರೆ ನಡೀತಿತ್ತು, ಅದರಲ್ಲೊಂದು ಮೂತ್ರ ಹೆಚ್ಚು ಹೋಗೋ ಹಾಗೆ ಮಾಡೋದು. ಈಚೆಗೆ ಒಂದೇ ಸಮ ಸುಸ್ತು, ಊಟ ಅಂದ್ರೆ ವಾಕರಿಕೆ, ನಡೆಯುವಾಗ ಗೋಡೆ ಹಿಡ್ಕೊಳ್ಳೋದು. ರಕ್ತ ಪರೀಕ್ಷೆ ಮಾಡಿಸಿದ್ರೆ ಸೋಡಿಯಂ 128. ಪಕ್ಕದಲ್ಲೇ ನಾರ್ಮಲ್ 135–145 ಅಂತ ಅಚ್ಚಾಗಿದೆ.

ಡಾಕ್ಟರು ಆ ಮೂತ್ರದ ಮಾತ್ರೆ ನಿಲ್ಲಿಸಿ ಬೇರೆ ಬರ್ಕೊಟ್ರು. ಆಮೇಲೆ ಹೇಳಿದ್ದು ಇಷ್ಟೇ: ಸದ್ಯಕ್ಕೆ ಕುಡಿಯೋದೆಲ್ಲಾ ಸೇರಿ ದಿನಕ್ಕೆ ಒಂದು ಲೀಟರ್ ಮೀರಬಾರದು, ಬೇಗ ಇನ್ನೊಂದು ಸಲ ರಕ್ತ ಕೊಡಿ. ಉಪ್ಪಿನ ಮಾತೇ ಇಲ್ಲ! ಮನೆಗೆ ಬಂದ್ರೆ ಚಿಕ್ಕಪ್ಪ ಕೂತಿದ್ದಾರೆ. "ಸೋಡಿಯಂ ಕಡಿಮೆ ಅಂದ್ರೆ ಉಪ್ಪು ಕಡಿಮೆ ಅಂತ ಶಾಲೆ ಹುಡುಗನಿಗೂ ಗೊತ್ತು, ಒಂದು ಚೆಂಬು ನೀರಿಗೆ ಉಪ್ಪು ಕದಡಿ ಕುಡಿಸು" ಅಂತಾರೆ.

ನನ್ನ ಪ್ರಶ್ನೆ ಎರಡು. ಕಡಿಮೆ ಇರೋದು ಸೋಡಿಯಂ, ಕಡಿತ ಮಾಡ್ತಿರೋದು ನೀರು, ಇದು ಯಾವ ಲೆಕ್ಕ? ಎರಡನೇದು, ಸಮಾಧಾನ ಆಗದೆ ಅದೇ ದಿನ ಸಂಜೆ ಬೇರೆ ಲ್ಯಾಬಲ್ಲಿ ಮಾಡಿಸಿದೆ, 131 ಬಂತು. ಯಾವುದನ್ನ ನಂಬೋದು?

ಮೂರನೇಬೆಂಚು:
ಡಾಕ್ಟರ್ ಹೇಳಿದ್ದು ಮಾಡಿ. ಚಿಕ್ಕಪ್ಪನ ಹತ್ರ ವಾದಕ್ಕೆ ಇಳೀಬೇಡಿ, ಗೆಲ್ಲಲ್ಲ.

ಗಾಳಿಮಾತು:
ನಾನಂತೂ ಚಿಕ್ಕಪ್ಪನ ಪಾರ್ಟಿ. ನಮ್ಮ ದೊಡ್ಡಮ್ಮ ಬಿಪಿ ಬಿಪಿ ಅಂತ ಉಪ್ಪು ಪೂರ್ತಿ ಬಿಟ್ಟಿದ್ರು. ಸೋಡಿಯಂ ಇಳಿದು ಐಸಿಯು ಸೇರಿದ್ರು. ಉಪ್ಪು ಬಿಟ್ರೆ ಸೋಡಿಯಂ ಇಳಿಯುತ್ತೆ, ಇದಕ್ಕೂ ವಿಜ್ಞಾನ ಬೇಕಾ?

ಪಾಠದಮೇಷ್ಟ್ರು:
ಬೇಕು. ರಿಪೋರ್ಟಲ್ಲಿ ಎಲ್ಲರೂ 128 ಅನ್ನೋದನ್ನ ನೋಡ್ತಾರೆ, ಅದರ ಪಕ್ಕ ಸಣ್ಣಕ್ಷರದಲ್ಲಿ "ಲೀಟರಿಗೆ ಇಷ್ಟು ಮಿಲಿಮೋಲ್" ಅಂತ ಇರೋದನ್ನ ಯಾರೂ ಓದಲ್ಲ. ಮೈಯಲ್ಲಿ ಒಟ್ಟು ಎಷ್ಟು ಸೋಡಿಯಂ ಇದೆ ಅಂತ ಹೇಳೋ ಸಂಖ್ಯೆ ಅಲ್ಲ ಅದು. ಅದೊಂದು ಭಾಗಾಕಾರ. ಮೇಲೆ ಸೋಡಿಯಂ, ಕೆಳಗೆ ನೀರು. ಉತ್ತರ ಇಳೀಬೇಕಾದ್ರೆ ಮೇಲಿನದು ಕಡಿಮೆ ಆಗ್ಬೇಕು, ಇಲ್ಲಾ ಕೆಳಗಿನದು ಜಾಸ್ತಿ ಆಗ್ಬೇಕು. ಬಹಳಷ್ಟು ರೋಗಿಗಳಲ್ಲಿ ಆಗೋದು ಎರಡನೇದು.

ನೀರು ಎಷ್ಟು ಉಳಿಸ್ಕೋಬೇಕು ಅಂತ ಕಿಡ್ನಿಗೆ ಹೇಳೋದು ವಾಸೊಪ್ರೆಸಿನ್ ಅನ್ನೋ ಹಾರ್ಮೋನು. ಮೆದುಳಿನ ಹೈಪೊಥಲಾಮಸ್‌ನಲ್ಲಿ ತಯಾರಾಗಿ ಪಿಟ್ಯುಟರಿ ಗ್ರಂಥಿಯಿಂದ ರಕ್ತಕ್ಕೆ ಬರುತ್ತೆ. ರಕ್ತದಲ್ಲಿ ಲವಣದ ಸಾಂದ್ರತೆ ಒಂದಿಷ್ಟೇ ಏರಿದ್ರೂ ಅದು ಹೊರಬರುತ್ತೆ, ಬಾಯಾರಿಕೆ ಆಗುತ್ತೆ, ಮೂತ್ರ ಗಾಢವಾಗುತ್ತೆ. ಸಾಂದ್ರತೆ ಇಳಿದ್ರೆ ಹಾರ್ಮೋನು ನಿಲ್ಲಬೇಕು, ಮಿಕ್ಕಿದ ನೀರು ತಿಳಿ ಮೂತ್ರವಾಗಿ ಹೋಗ್ಬೇಕು. ಅದು ನಿಲ್ಲದೇ ಇದ್ರೆ? ಕುಡಿದ ನೀರು ಒಳಗೇ ಉಳಿಯುತ್ತೆ, ಇರೋ ಸೋಡಿಯಂ ತೆಳುವಾಗುತ್ತೆ. ವಾಕರಿಕೆ, ನೋವು, ನ್ಯುಮೋನಿಯಾ, ಆಪರೇಷನ್, ಕೆಲವು ಮಾತ್ರೆಗಳು, ಕೆಲವು ಶ್ವಾಸಕೋಶದ ಗಡ್ಡೆಗಳು, ಇವೆಲ್ಲಾ ಆ ಹಾರ್ಮೋನನ್ನ ಹೊತ್ತಲ್ಲದ ಹೊತ್ತಲ್ಲಿ ಹೊರಗೆ ತರ್ತವೆ. ಹೀಗೂ ಆಗುತ್ತೆ ಅಂತ 1957ರಲ್ಲಿ ಶ್ವಾರ್ಟ್ಜ್ ಮತ್ತು ಬಾರ್ಟರ್ ಅನ್ನೋ ವೈದ್ಯರ ತಂಡ ಶ್ವಾಸಕೋಶದ ಕ್ಯಾನ್ಸರ್ ಇದ್ದ ಇಬ್ಬರು ರೋಗಿಗಳನ್ನ ಇಟ್ಕೊಂಡು ತೋರಿಸಿತು.

ಅದಕ್ಕೇ ನೀರಿಗೆ ಕಡಿವಾಣ. ಮೇಲಿನ ಅಂಕಿ ಮುಟ್ಟದೆ ಕೆಳಗಿನದನ್ನ ಕರಗಿಸೋದು.

ಗಾಳಿಮಾತು:
ಭಾಗಾಕಾರ ಚೆನ್ನಾಗಿದೆ ಮೇಷ್ಟ್ರೇ. ಹಾಗಾದ್ರೆ ಆಸ್ಪತ್ರೇಲಿ ಸೋಡಿಯಂ ಕಡಿಮೆ ಅಂದ ತಕ್ಷಣ ಸಲೈನ್ ಏರಿಸ್ತಾರಲ್ಲಾ, ಅದು ಉಪ್ಪುನೀರಲ್ದೆ ಇನ್ನೇನು? ಚಿಕ್ಕಪ್ಪ ಬಾಯಲ್ಲಿ ಕೊಡು ಅಂದ್ರೆ ತಪ್ಪು, ಅವರು ಕೈಗೆ ಚುಚ್ಚಿ ಕೊಟ್ರೆ ಸರಿ?

ರಾತ್ರಿಪಾಳಿ:
ಒಳ್ಳೇ ಪ್ರಶ್ನೆ, ಇದನ್ನ ಹೊಸದಾಗಿ ಬರೋ ಕಿರಿಯ ಡಾಕ್ಟರುಗಳೂ ಕೇಳ್ತಾರೆ. ನಾನು ಮೆಡಿಸಿನ್ ವಾರ್ಡಲ್ಲಿ ಕೆಲಸ ಮಾಡೋನು. ಒಂದೇ 128 ಮೂರು ಬೇರೆ ಬೇರೆ ಜನಕ್ಕೆ ಬರಬಹುದು, ಮೂರಕ್ಕೂ ಮದ್ದು ಬೇರೆ.

ವಾಂತಿ ಭೇದಿಯಾಗಿ ಬಸವಳಿದು ಬಂದವರಲ್ಲಿ ಉಪ್ಪೂ ಹೋಗಿದೆ, ನೀರೂ ಹೋಗಿದೆ. ಆಮೇಲೆ ಬರೀ ನೀರು ಕುಡಿದಿದ್ದಾರೆ. ನಾಲಿಗೆ ಒಣಗಿರುತ್ತೆ, ಎದ್ದು ನಿಂತ್ರೆ ಬಿಪಿ ಬೀಳುತ್ತೆ. ಇವರಿಗೆ ಸಲೈನ್ ಸರಿಯಾದ ಮದ್ದು. ಹೃದಯ ಸೋತವರು, ಲಿವರ್ ಗಟ್ಟಿಯಾದವರು ಇನ್ನೊಂದು ಗುಂಪು. ಕಾಲು ಊದಿರುತ್ತೆ, ಹೊಟ್ಟೆಯಲ್ಲಿ ನೀರು ತುಂಬಿರುತ್ತೆ. ತಮಾಷೆ ನೋಡಿ, ಇವರ ಮೈಯಲ್ಲಿ ಒಟ್ಟು ಸೋಡಿಯಂ ನಿಮಗೂ ನನಗೂ ಇರೋದಕ್ಕಿಂತ ಜಾಸ್ತಿ, ಆದರೆ ನೀರು ಅದಕ್ಕಿಂತ ಜಾಸ್ತಿ. ಅದಕ್ಕೇ ರಿಪೋರ್ಟಲ್ಲಿ "ಕಡಿಮೆ". ಇವರಿಗೆ ಉಪ್ಪು ಕೊಟ್ರೆ ಉಸಿರು ಕಟ್ಟುತ್ತೆ.

ಮೂರನೇದು ಮೇಷ್ಟ್ರು ಹೇಳಿದ ಹಾರ್ಮೋನಿನ ಗುಂಪು. ಊತವೂ ಇಲ್ಲ, ಒಣಗಿದ್ದೂ ಇಲ್ಲ. ಇವರಿಗೆ ಸಾಮಾನ್ಯ ಸಲೈನ್ ಕೊಟ್ರೆ ಕೆಲವೊಮ್ಮೆ ಸೋಡಿಯಂ ಇನ್ನೂ ಇಳಿಯುತ್ತೆ. ನಂಬೋಕೆ ಕಷ್ಟ ಅಲ್ವಾ? ಆ ಬಾಟಲಿಯಲ್ಲಿ ಲೀಟರಿಗೆ 154 ಮಿಲಿಮೋಲ್ ಸೋಡಿಯಂ ಇರುತ್ತೆ. ಕಿಡ್ನಿ ಆ ಉಪ್ಪನ್ನೆಲ್ಲಾ ಅರ್ಧ ಲೀಟರ್ ಗಾಢ ಮೂತ್ರದಲ್ಲಿ ಹೊರಗೆ ಹಾಕಿ, ಉಳಿದ ಅರ್ಧ ಲೀಟರ್ ನೀರನ್ನ ಒಳಗೇ ಇಟ್ಕೊಳ್ಳುತ್ತೆ. ಕೊಟ್ಟಿದ್ದು ಉಪ್ಪುನೀರು, ಉಳಿದಿದ್ದು ಬರೀ ನೀರು.

ಯಾರು ಯಾವ ಗುಂಪು ಅಂತ ತಿಳಿಯೋಕೆ ರಕ್ತ ಒಂದೇ ಸಾಲದು. ರಕ್ತದ ಆಸ್ಮೊಲಾಲಿಟಿ (ಕರಗಿರೋ ಪದಾರ್ಥಗಳೆಲ್ಲಾ ಸೇರಿ ದ್ರವ ಎಷ್ಟು ಸಾಂದ್ರ ಅನ್ನೋ ಅಳತೆ), ಮೂತ್ರದ ಆಸ್ಮೊಲಾಲಿಟಿ, ಮೂತ್ರದ ಸೋಡಿಯಂ, ಈ ಮೂರೂ ಬೇಕು. ಮೂತ್ರದ ಆಸ್ಮೊಲಾಲಿಟಿ 100ಕ್ಕಿಂತ ಮೇಲಿದ್ರೆ ಹಾರ್ಮೋನು ಕೆಲಸ ಮಾಡ್ತಿದೆ ಅಂತ. ಮೂತ್ರದ ಸೋಡಿಯಂ 30ಕ್ಕಿಂತ ಕೆಳಗಿದ್ರೆ ಕಿಡ್ನಿ ಉಪ್ಪನ್ನ ಬಿಗಿಹಿಡಿದಿದೆ, ಅಂದ್ರೆ ರಕ್ತನಾಳದಲ್ಲಿ ಹರಿಯೋದು ಸಾಲ್ತಿಲ್ಲ ಅಂತ ಅದಕ್ಕೆ ಅನ್ನಿಸಿದೆ. ಮೂತ್ರದ ಮಾತ್ರೆ ತಗೊಳ್ಳೋರಲ್ಲಿ ಮಾತ್ರ ಈ 30ರ ಲೆಕ್ಕ ಕೈಕೊಡುತ್ತೆ.

ಹಳೇಸೈಕಲ್ ಅವರೇ, ನಿಮ್ಮ ತಂದೆಯವರನ್ನ ನೋಡದೆ ನಾನು ಏನೂ ಹೇಳಲ್ಲ. ಆದರೆ ವಯಸ್ಸಾದವರಲ್ಲಿ ಥಯಾಜೈಡ್ ಜಾತಿಯ ಮೂತ್ರದ ಮಾತ್ರೆಯಿಂದ ಸೋಡಿಯಂ ಇಳಿಯೋದು ನಾವು ಆಗಾಗ ನೋಡೋ ವಿಷಯ. ಅದನ್ನ ನಿಲ್ಲಿಸಿದ್ದು ಸರಿಯಾಗೇ ಇದೆ. ಮಂಪರು, ಅಸಂಬದ್ಧ ಮಾತು, ಫಿಟ್ಸ್, ಬಿಡದ ವಾಂತಿ, ಇದರಲ್ಲಿ ಒಂದು ಕಂಡ್ರೂ ಇಲ್ಲಿ ಬರೀತಾ ಕೂರಬೇಡಿ, ಆಸ್ಪತ್ರೆಗೆ ಕರ್ಕೊಂಡು ಹೋಗಿ.

ಹಳೇಸೈಕಲ್:
ಅದೇ ಜಾತಿ ಮಾತ್ರೆ ಸಾರ್, ಚೀಟಿ ನೋಡಿದೆ. ಮಂಪರು ಇಲ್ಲ, ಪೇಪರ್ ಓದ್ತಿದ್ದಾರೆ, ನೀರು ಕೊಡಲ್ಲ ಅಂತ ನನ್ನ ಮೇಲೆ ಸಿಟ್ಟು.

ಜವಾರಿಮಂದಿ:
ಸಿಟ್ಟ ಮಾಡ್ಕೊಂಡಾರ ಅಂದ್ರ ಮೆದುಳು ಸರಿ ಕೆಲಸ ಮಾಡಾಕತ್ತೈತಿ, ಚಿಂತಿ ಬಿಡ್ರಿ.

ಸಿರಿಂಜು:
ಎರಡು ಲ್ಯಾಬಿನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ಅದು ನನ್ನ ಹೊಟ್ಟೆಪಾಡು, ಹೇಳ್ತೀನಿ. 128, 131 ಎರಡೂ ಒಂದೇ ಕಥೆ ಹೇಳ್ತಿವೆ. ಬೆಳಿಗ್ಗೆಗೂ ಸಂಜೆಗೂ ನಡುವೆ ಅಪ್ಪ ಏನು ಕುಡಿದ್ರು, ಎಷ್ಟು ಸಲ ಮೂತ್ರಕ್ಕೆ ಹೋದ್ರು, ಎಲ್ಲಾ ಸೇರಿ ಎರಡು ಮೂರು ಅಂಕಿ ಸುಲಭವಾಗಿ ಆಚೀಚೆ ಆಗುತ್ತೆ. ಅದರ ಮೇಲೆ ಮಷಿನ್ ಬೇರೆ.

ಹಿಂದೆಲ್ಲಾ ಫ್ಲೇಮ್ ಫೋಟೊಮೀಟರ್ ಅಂತಿತ್ತು. ಸ್ಯಾಂಪಲನ್ನ ತೆಳು ಮಾಡಿ ಉರಿಯೋ ಜ್ವಾಲೆಗೆ ಸಿಂಪಡಿಸಿದ್ರೆ ಸೋಡಿಯಂ ಹಳದಿ ಬೆಳಕು ಕೊಡುತ್ತೆ, 589 ನ್ಯಾನೊಮೀಟರ್. ಆ ಹಳದಿ ಎಷ್ಟು ಪ್ರಖರ ಅಂತ ಅಳೆದು ಲೆಕ್ಕ. ಈಗ ಎಲ್ಲಾ ಕಡೆ ಅಯಾನ್ ಎಲೆಕ್ಟ್ರೋಡ್. ಅದರಲ್ಲಿ ಎರಡು ಥರ. ದೊಡ್ಡ ಮಷಿನ್‌ಗಳು ಸ್ಯಾಂಪಲನ್ನ ಮೊದಲು ತೆಳು ಮಾಡ್ಕೊಂಡು ಅಳೀತವೆ. ಐಸಿಯು ಪಕ್ಕ ಇರೋ ಬ್ಲಡ್ ಗ್ಯಾಸ್ ಮಷಿನ್ ತೆಳು ಮಾಡದೆ ನೇರವಾಗಿ ಅಳೆಯುತ್ತೆ. ತೆಳು ಮಾಡೋ ಮಷಿನ್ ಒಂದು ನಂಬಿಕೆ ಇಟ್ಕೊಂಡಿರುತ್ತೆ: ಪ್ಲಾಸ್ಮಾದಲ್ಲಿ, ಅಂದ್ರೆ ರಕ್ತಕಣ ಬಿಟ್ಟು ಉಳಿಯೋ ದ್ರವದಲ್ಲಿ, ನೂರಕ್ಕೆ ಸುಮಾರು 93 ಪಾಲು ನೀರು, ಮಿಕ್ಕಿದ್ದು ಕೊಬ್ಬು, ಪ್ರೋಟೀನು. ಟ್ರೈಗ್ಲಿಸರೈಡ್ ವಿಪರೀತ ಏರಿ ಸೀರಂ ಹಾಲಿನ ಬಣ್ಣಕ್ಕೆ ತಿರುಗಿದ್ರೆ, ಅಥವಾ ಮೈಲೋಮಾ ಅನ್ನೋ ಮೂಳೆಮಜ್ಜೆಯ ಕ್ಯಾನ್ಸರಲ್ಲಿ ಪ್ರೋಟೀನು ತುಂಬ್ಕೊಂಡಿದ್ರೆ, ಆ ನಂಬಿಕೆ ಸುಳ್ಳಾಗುತ್ತೆ. ಮಷಿನ್ 125 ಅನ್ನುತ್ತೆ, ನಿಜವಾಗಿ 138 ಇರುತ್ತೆ. ಅದಕ್ಕೇ ಸೀರಂ ಬೆಳ್ಳಗಿದ್ರೆ ನಾನಂತೂ ಬ್ಲಡ್ ಗ್ಯಾಸ್ ಮಷಿನ್‌ಗೆ ಹಾಕಿ ನೋಡದೆ ರಿಪೋರ್ಟ್ ಬಿಡಲ್ಲ.

ಇನ್ನೊಂದು ಕರ್ಮ: ಡ್ರಿಪ್ ಹೋಗ್ತಿರೋ ಕೈಯಿಂದಲೇ ರಕ್ತ ಎಳೆಯೋದು. ಗ್ಲೂಕೋಸ್ ಡ್ರಿಪ್ ಇದ್ದು ಅದೇ ಕೈಯಿಂದ ತೆಗೆದ್ರೆ ಸೋಡಿಯಂ ಪಾತಾಳಕ್ಕೆ, ಶುಗರ್ ಆಕಾಶಕ್ಕೆ. ಟ್ಯೂಬ್ ತಪ್ಪಿದ್ರೂ ಕಥೆ ಮುಗೀತು. ಸೋಡಿಯಂ ಸಿಟ್ರೇಟ್, ಸೋಡಿಯಂ ಫ್ಲೋರೈಡ್ ಇರೋ ಟ್ಯೂಬಲ್ಲಿ ಸೋಡಿಯಂ ಅಳೆದ್ರೆ ಟ್ಯೂಬಿನ ಸೋಡಿಯಂ ಕೂಡ ರೋಗಿಯ ಲೆಕ್ಕಕ್ಕೆ ಸೇರುತ್ತೆ.

ಮತ್ತೆ ಖಾಲಿ ಹೊಟ್ಟೆ ಬೇಡ ಈ ಪರೀಕ್ಷೆಗೆ. ಅಪ್ಪನ್ನ ಉಪವಾಸ ಕರ್ಕೊಂಡು ಬರಬೇಡಿ.

ಕೊಂಕುನುಡಿ:
ನಮ್ಮ ರಿಪೋರ್ಟಲ್ಲಿ ಮಿಲಿಮೋಲ್ ಅಲ್ಲ, ಮಿಲಿ ಇಕ್ವಿವಲೆಂಟ್ ಅಂತಿದೆ. ಮೇಷ್ಟ್ರು ಘಟಕ ತಪ್ಪಿದ್ರಾ?

ಪಾಠದಮೇಷ್ಟ್ರು:
ಸೋಡಿಯಂ ಅಯಾನಿನ ವಿದ್ಯುದಂಶ ಒಂದೇ. ಆದ್ದರಿಂದ ಎರಡೂ ಸಂಖ್ಯೆ ಒಂದೇ. ಕ್ಯಾಲ್ಸಿಯಂ ಆಗಿದ್ರೆ ನಿಮ್ಮ ಕೊಂಕಿಗೆ ಬೆಲೆ ಇರ್ತಿತ್ತು.

ಶುಗರ್‌ಫ್ಯಾಮಿಲಿ:
ಶುಗರ್ ಜಾಸ್ತಿ ಆದಾಗಲೂ ಸೋಡಿಯಂ ಕಡಿಮೆ ತೋರಿಸುತ್ತಂತೆ ಹೌದಾ? ಅತ್ತೆಗೆ ಶುಗರ್ 500 ಇದ್ದಾಗ ಸೋಡಿಯಂ 129 ಬಂದಿತ್ತು, ಡಾಕ್ಟರ್ "ಶುಗರ್ ಇಳೀಲಿ, ಅದೇ ಏರುತ್ತೆ" ಅಂದು ಸುಮ್ಮನಾದ್ರು. ನಮಗೋ ಭಯ.

ರಾತ್ರಿಪಾಳಿ:
ಹೌದು. ರಕ್ತದಲ್ಲಿ ಗ್ಲೂಕೋಸ್ ತುಂಬಿದಾಗ ಜೀವಕೋಶಗಳ ಒಳಗಿನ ನೀರು ಹೊರಗೆ ಬರುತ್ತೆ, ಸೋಡಿಯಂ ತೆಳುವಾಗುತ್ತೆ. ಶುಗರ್ 100ರ ಮೇಲೆ ಪ್ರತಿ 100ಕ್ಕೆ ಸೋಡಿಯಂಗೆ 1.6 ಕೂಡಿಸಿ ನೋಡೋದು ಹಳೇ ರೂಢಿ. ಶುಗರ್ ತೀರಾ ಮೇಲಿದ್ರೆ 2.4 ಕೂಡಿಸೋದು ಸರಿ ಅನ್ನೋರಿದ್ದಾರೆ. ನಿಮ್ಮ ಅತ್ತೆಯವರ ಲೆಕ್ಕ: 4 ಸಲ 1.6, ಅಂದ್ರೆ 6.4. 129ಕ್ಕೆ ಸೇರಿಸಿದ್ರೆ 135ರ ಮೇಲೆ. ಅದಕ್ಕೇ ಅವರು ಸುಮ್ಮನಾಗಿದ್ದು.

ಗಾಳಿಮಾತು:
ಸರಿ ಒಪ್ಪಿದೆ, ನೀರಿನ ಲೆಕ್ಕವೇ ಇರ್ಲಿ. ಆದರೆ ಈಗ ಇದನ್ನ ಓದಿದ ಜನ ನೀರು ಕುಡಿಯೋದೇ ಬಿಡ್ತಾರೆ. ದಿನಕ್ಕೆ ಎಂಟು ಲೋಟ, ಮೂರು ಲೀಟರ್ ಅಂತ ಇಷ್ಟು ವರ್ಷ ಹೇಳಿದ್ದೆಲ್ಲಾ ಸುಳ್ಳಾ?

ನಿಧಾನಓಟ:
ಎಲ್ಲರಿಗೂ ಒಂದೇ ಅಳತೆ ಅನ್ನೋದಂತೂ ಸುಳ್ಳು. ನಾನು ಲಾಂಗ್ ಡಿಸ್ಟೆನ್ಸ್ ಓಡೋನು. ನಮ್ಮ ಗುಂಪಲ್ಲಿ ಬಾಯಾರೋ ಮೊದಲೇ ಕುಡೀಬೇಕು, ಪ್ರತಿ ನಿಲ್ದಾಣದಲ್ಲೂ ಕುಡೀಬೇಕು ಅನ್ನೋ ಮಂತ್ರ ಇತ್ತು. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದವರಲ್ಲಿ 488 ಜನರ ರಕ್ತ ತೆಗೆದು ನೋಡಿದಾಗ 13 ಶೇಕಡಾ ಜನರಿಗೆ ಸೋಡಿಯಂ 135 ಅಥವಾ ಅದಕ್ಕಿಂತ ಕಡಿಮೆ ಇತ್ತು, ಮೂವರಿಗೆ 120 ಅಥವಾ ಅದಕ್ಕೂ ಕೆಳಗೆ. ಹೆಚ್ಚು ಅಪಾಯ ಯಾರಿಗೆ ಗೊತ್ತಾ? ಓಡ್ತಾ ಓಡ್ತಾ ತೂಕ ಏರಿಸ್ಕೊಂಡವರಿಗೆ. ಅಂದ್ರೆ ಬೆವರಿಗಿಂತ ಜಾಸ್ತಿ ಕುಡಿದವರಿಗೆ. ನಿಧಾನಕ್ಕೆ ಓಡಿ ನಾಲ್ಕು ಗಂಟೆ ದಾಟಿದವರೂ ಆ ಪಟ್ಟಿಯಲ್ಲಿದ್ರು, ನನ್ನಂಥೋರು.

ಈಗ ನಾನು ಬಾಯಾರಿದ್ರೆ ಕುಡೀತೀನಿ, ಇಲ್ಲಾಂದ್ರೆ ಇಲ್ಲ.

ಮೂರನೇಬೆಂಚು:
ಸ್ಪೋರ್ಟ್ಸ್ ಡ್ರಿಂಕ್ ಕುಡಿದ್ರೆ ಆಗಲ್ವಾ? ಅದರಲ್ಲಿ ಎಲೆಕ್ಟ್ರೊಲೈಟ್ ಇರುತ್ತಲ್ಲ.

ನಿಧಾನಓಟ:
ಬಾಟಲಿ ಹಿಂದಿನ ಚೀಟಿ ಓದು ಗುರು. ಅದರಲ್ಲಿರೋ ಸೋಡಿಯಂ ರಕ್ತದಲ್ಲಿ ಇರೋದರ ಹತ್ತಿರಕ್ಕೂ ಬರಲ್ಲ. ಮಿತಿಮೀರಿ ಕುಡಿದ್ರೆ ಅದೂ ತೆಳು ಮಾಡೋ ನೀರೇ.

ವಾರ್ಡ್‌ಅಕ್ಕ:
ಬಾಯಾರಿಕೆ ಮಾತು ಬಂದಿದ್ದಕ್ಕೆ ಇನ್ನೊಂದು ತುದಿಯನ್ನೂ ಹೇಳ್ತೀನಿ. ಸೋಡಿಯಂ 145 ದಾಟೋದು ಬಾಯಾರಿಕೆ ಹೇಳ್ಕೊಳ್ಳಕ್ಕೆ ಆಗದೆ ಇರೋರಲ್ಲಿ. ಪಾರ್ಶ್ವವಾಯು ಆಗಿ ಮಲಗಿರೋ ಅಜ್ಜ, ಮರೆವಿನ ಕಾಯಿಲೆ ಇರೋ ಅಜ್ಜಿ, ಕೂಸುಗಳು. ಆರೋಗ್ಯವಾಗಿರೋ ಮನುಷ್ಯನಿಗೆ ಕೈಗೆಟುಕೋ ಕಡೆ ನೀರಿದ್ರೆ ಸೋಡಿಯಂ ಅಷ್ಟು ಸುಲಭಕ್ಕೆ ಏರಲ್ಲ, ಅವನೇ ಎದ್ದು ಕುಡೀತಾನೆ. ಜ್ವರ ಬಂದು ಬೆವೆತು, ಕೇಳೋಕೂ ಬಾಯಿಲ್ಲದೆ 160ಕ್ಕೆ ಬಂದು ಸೇರಿದವರನ್ನ ನೋಡಿದೀನಿ. ಆಗ ಯಾರೂ ಉಪ್ಪು ಜಾಸ್ತಿ ತಿಂದಿರಲ್ಲ. ನೀರು ಕೊಡೋರು ಇರಲ್ಲ, ಅಷ್ಟೇ.

ಹಳೇಸೈಕಲ್ ತಮ್ಮಾ, ನಿಂಗೊಂದು ಮಾತು. ಇಳಿದಿರೋದನ್ನ ಬೇಗ ಏರಿಸ್ಬೇಕು ಅಂತ ಆತುರ ಬೀಳ್ಬೇಡ. ಸೋಡಿಯಂ ನಿಧಾನಕ್ಕೆ ಇಳಿದಾಗ ಮೆದುಳಿನ ಕೋಶಗಳು ಊದದೆ ಇರೋಕೆ ತಮ್ಮೊಳಗಿನ ಕೆಲವು ಪದಾರ್ಥಗಳನ್ನ ಹೊರಗೆ ಹಾಕಿ ಹೊಂದ್ಕೊಂಡಿರ್ತವೆ. ಒಂದೇ ದಿನಕ್ಕೆ ಮೇಲೆತ್ತಿದ್ರೆ ಅವುಗಳಿಂದ ನೀರು ಹೊರಗೆ ಎಳೆದು ನರದ ಮೇಲಿನ ಮಯಲಿನ್ ಪೊರೆ ಹಾಳಾಗುತ್ತೆ. ಮೊದಲು ರೋಗಿ ಚೆನ್ನಾಗೇ ಆಗಿರ್ತಾರೆ. ಆಮೇಲೆ ಕೆಲವು ದಿನ ಬಿಟ್ಟು ಮಾತು ತೊದಲುತ್ತೆ, ನುಂಗೋಕೆ ಆಗಲ್ಲ, ಕೈಕಾಲು ಬಿದ್ದುಹೋಗುತ್ತೆ. ಅದಕ್ಕೇ 24 ಗಂಟೆಯಲ್ಲಿ 8ರಿಂದ 10 ಅಂಕಿಗಿಂತ ಮೇಲೆ ಏರದ ಹಾಗೆ ನಾವು ಗಂಟೆ ಗಂಟೆಗೆ ರಕ್ತ ಕಳಿಸ್ತಾ ಇರ್ತೀವಿ. ರೋಗಿ ಕಡೆಯವರು "ಎಷ್ಟು ಸಲ ಚುಚ್ತೀರಿ" ಅಂತ ಬೈತಾರೆ, ಬೈಸ್ಕೋತೀವಿ.

ರಾತ್ರಿಪಾಳಿ:
ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಫಿಟ್ಸ್ ಬಂದಿದ್ರೆ ಅಥವಾ ಪ್ರಜ್ಞೆ ತಪ್ತಿದ್ರೆ ಕಾಯೋ ಹಾಗಿಲ್ಲ. ಆಗ 3 ಶೇಕಡಾ ಸಲೈನ್ 100–150 ಮಿಲಿಲೀಟರ್ ಕೊಟ್ಟು ಮೊದಲು ನಾಲ್ಕೈದು ಅಂಕಿ ಏರಿಸ್ತೀವಿ. ಮೆದುಳಿನ ಊತ ಇಳಿಯೋಕೆ ಅಷ್ಟು ಸಾಕು. ಆಮೇಲೆ ಬ್ರೇಕ್. ಥಯಾಜೈಡ್ ನಿಲ್ಲಿಸಿದವರಲ್ಲಿ ಇನ್ನೊಂದು ತಾಪತ್ರಯ: ತಡೆ ಹೋದ ಕೂಡಲೇ ತಿಳಿ ಮೂತ್ರ ಬಳಬಳ ಹೋಗಿ ನಾವು ಏನೂ ಕೊಡದೇ ಇದ್ರೂ ಸೋಡಿಯಂ ತಾನೇ ಜೋರಾಗಿ ಏರಿಬಿಡಬಹುದು. ಬೇಗ ಮರುಪರೀಕ್ಷೆ ಅಂದಿದ್ದಕ್ಕೆ ಅದೂ ಒಂದು ಕಾರಣ ಇರುತ್ತೆ, ತಪ್ಪಿಸಬೇಡಿ.

ಜವಾರಿಮಂದಿ:
ಎಲ್ಲಾ ಓದಿದೆ. ಆದ್ರ ಈ ಸೋಡಿಯಂ ಮೈಯಾಗ ಮಾಡೂ ಕೆಲಸರ ಏನು? ಇಷ್ಟ ರಾದ್ಧಾಂತ ಮಾಡಾಕ?

ಪಾಠದಮೇಷ್ಟ್ರು:
ಜೀವಕೋಶದ ಹೊರಗಿನ ದ್ರವದಲ್ಲಿ ಸೋಡಿಯಂ ಸುಮಾರು 140, ಒಳಗೆ ಬರೀ 10–15. ಪೊಟ್ಯಾಶಿಯಂ ತದ್ವಿರುದ್ಧ: ಒಳಗೆ 140ರ ಹತ್ತಿರ, ಹೊರಗೆ 4. ಈ ಏರುಪೇರೇ ಎಲ್ಲಕ್ಕೂ ಬಂಡವಾಳ. ನರದಲ್ಲಿ ಸಂದೇಶ ಹೋಗ್ಬೇಕಾದ್ರೆ ಸೋಡಿಯಂ ಬಾಗಿಲು ತೆರೆದು ಒಳಗೆ ನುಗ್ಗುತ್ತೆ. ಸ್ನಾಯು ಮಿಡಿಯೋದಕ್ಕೂ ಅದೇ, ಕರುಳಲ್ಲಿ ಗ್ಲೂಕೋಸ್ ಒಳಗೆ ಬರೋದೂ ಸೋಡಿಯಂ ಜೊತೆಗೇ. ಓಆರ್‌ಎಸ್ ಕೆಲಸ ಮಾಡೋದು ಹಾಗೆ. 2002ರಿಂದ ಇರೋ ಸೂತ್ರದಲ್ಲಿ ಸೋಡಿಯಂ 75, ಗ್ಲೂಕೋಸ್ 75, ಸರಿಸಮ.

ಒಳಗೆ ನುಗ್ಗಿದ್ದನ್ನ ಮತ್ತೆ ಹೊರಗೆ ಹಾಕೋಕೆ ಪ್ರತಿ ಕೋಶದ ಪೊರೆಯಲ್ಲೂ ಪಂಪ್ ಇದೆ. ಮೂರು ಸೋಡಿಯಂ ಹೊರಗೆ, ಎರಡು ಪೊಟ್ಯಾಶಿಯಂ ಒಳಗೆ. ಡೆನ್ಮಾರ್ಕಿನ ಯೆನ್ಸ್ ಸ್ಕೌ ಏಡಿಯ ನರ ಇಟ್ಕೊಂಡು 1957ರಲ್ಲಿ ಇದನ್ನ ತೋರಿಸಿದ್ರು, ನೊಬೆಲ್ ಬಂದಿದ್ದು 1997ರಲ್ಲಿ. ನೀವು ಸುಮ್ಮನೆ ಮಲಗಿದ್ರೂ ಮೈ ಖರ್ಚು ಮಾಡೋ ಶಕ್ತಿಯಲ್ಲಿ ದೊಡ್ಡ ಪಾಲು ಈ ಪಂಪಿಗೇ ಹೋಗುತ್ತೆ.

ಕಿಡ್ನಿ ಲೆಕ್ಕ ಇನ್ನೂ ಮಜಾ. ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತೆ. ಲೀಟರಿಗೆ 140ರಂತೆ 25,000 ಮಿಲಿಮೋಲ್ ಸೋಡಿಯಂ ಆಯ್ತು, ಉಪ್ಪಿನ ತೂಕದಲ್ಲಿ ಹತ್ತಿರ ಹತ್ತಿರ ಒಂದೂವರೆ ಕಿಲೋ. ಅದರಲ್ಲಿ ನೂರಕ್ಕೆ 99ಕ್ಕಿಂತ ಹೆಚ್ಚು ವಾಪಸ್ ಎಳ್ಕೊಂಡು, ನಾವು ತಿಂದಷ್ಟನ್ನ ಮಾತ್ರ ಹೊರಗೆ ಬಿಡುತ್ತೆ. ಕೊನೇ ಹಂತದ ಆ ಸಣ್ಣ ಪಾಲನ್ನ ಹಿಡಿಯೋದು ಬಿಡೋದು ಆಲ್ಡೊಸ್ಟೆರೋನ್ ಕೈಯಲ್ಲಿ. ಅಡ್ರಿನಲ್ ಗ್ರಂಥಿ ಸೋತು ಆ ಹಾರ್ಮೋನು ನಿಂತ್ರೆ ಉಪ್ಪು ಸೋರಿಹೋಗುತ್ತೆ.

ಜವಾರಿಮಂದಿ:
ದಿನಾ ಒಂದೂವರಿ ಕಿಲೋ! ನಮ್ಮ ಕಿಡ್ನಿಗೆ ಪಗಾರ ಕೊಡಬೇಕ್ರಿ.

ಕೊಂಕುನುಡಿ:
ಅಂದ್ರೆ ಕಿಡ್ನಿಯೇ ಎಲ್ಲಾ ಸರಿ ಮಾಡುತ್ತೆ, ರಿಪೋರ್ಟಲ್ಲಿ 140 ಬಂದ್ರೆ ನಾನು ಎಷ್ಟು ಉಪ್ಪು ತಿಂದ್ರೂ ತೊಂದರೆ ಇಲ್ಲ ಅಂತಾಯ್ತು. ಸಂತೋಷ.

ವಾರ್ಡ್‌ಅಕ್ಕ:
ಇಲ್ಲೇ ಎಲ್ಲರೂ ಎಡವೋದು ನೋಡಿ. ಉಪ್ಪು ಜಾಸ್ತಿ ತಿಂದ್ರೆ ಬಾಯಾರಿ ನೀರೂ ಜಾಸ್ತಿ ಕುಡೀತೀರಿ. ಭಾಗಾಕಾರದ ಎರಡೂ ಕಡೆ ಏರಿ ಉತ್ತರ ಅದೇ 140. ಆದರೆ ರಕ್ತನಾಳದೊಳಗಿನ ದ್ರವ ಹೆಚ್ಚಾಯ್ತಲ್ಲ, ಬಿಪಿ ಏರೋದು ಅಲ್ಲಿಂದ. ಬಿಪಿ 180 ಇದ್ದು ಸೋಡಿಯಂ 140 ಇರೋರು ನಮ್ಮ ವಾರ್ಡಲ್ಲಿ ಸಾಲಾಗಿ ಮಲಗಿರ್ತಾರೆ. ರಕ್ತದ ಸೋಡಿಯಂ ನೋಡಿ ಉಪ್ಪಿನ ಲೆಕ್ಕ ಹೇಳೋಕೆ ಬರಲ್ಲ.

ಗಾಳಿಮಾತು:
ಸರಿ, ನಾನು ಗುಲಾಬಿ ಬಣ್ಣದ ಕಲ್ಲುಪ್ಪಿಗೆ ಬದಲಾಯಿಸಿದೀನಿ, ಅದರಲ್ಲಿ ಸೋಡಿಯಂ ಇಲ್ವಂತೆ.

ಪಾಠದಮೇಷ್ಟ್ರು:
ಸೋಡಿಯಂ ಕ್ಲೋರೈಡ್ ಅಲ್ಲದೆ ಇನ್ನೇನಿದೆ ಅದರಲ್ಲಿ? ಗುಲಾಬಿ ಬಣ್ಣ ಚೂರುಪಾರು ಕಬ್ಬಿಣದ್ದು. ಯಾವ ಉಪ್ಪಾದ್ರೂ ಗ್ರಾಂಗೆ ಹೆಚ್ಚುಕಡಿಮೆ 0.4 ಗ್ರಾಂ ಸೋಡಿಯಂ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳೋದು ದಿನಕ್ಕೆ 2 ಗ್ರಾಂ ಸೋಡಿಯಂಗಿಂತ ಕಡಿಮೆ, ಅಂದ್ರೆ 5 ಗ್ರಾಂ ಉಪ್ಪಿಗಿಂತ ಕಡಿಮೆ. ಬಣ್ಣದ ಉಪ್ಪಿಗೆ ರಿಯಾಯಿತಿ ಕೊಟ್ಟಿಲ್ಲ. ಅಯೋಡಿನ್ ಸೇರಿಸಿಲ್ಲದ ಕಲ್ಲುಪ್ಪು ಆದ್ರೆ ಅದೂ ಕೈತಪ್ಪಿತು.

ಗಾಳಿಮಾತು:
ಬಾಯಿಗೆ ರುಚಿ ಅಂತೂ ಇದೆ ಬಿಡಿ.

ಶುಗರ್‌ಫ್ಯಾಮಿಲಿ:
ಪೊಟ್ಯಾಶಿಯಂ ಉಪ್ಪು ಸಿಗುತ್ತಲ್ಲ, ಅದು?

ರಾತ್ರಿಪಾಳಿ:
ಅದು ನಿಜವಾಗಿ ಸೋಡಿಯಂ ಕಡಿಮೆ ಇರೋ ಉಪ್ಪು. ಚೀನಾದ ಹಳ್ಳಿಗಳಲ್ಲಿ 20,995 ಜನರ ಮೇಲೆ ನಡೆಸಿ 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಾಲು ಭಾಗ ಪೊಟ್ಯಾಶಿಯಂ ಕ್ಲೋರೈಡ್ ಬೆರೆಸಿದ ಉಪ್ಪು ಬಳಸಿದವರಿಗೆ ಪಾರ್ಶ್ವವಾಯು ಕಡಿಮೆ ಆಯ್ತು. ಆದರೆ ಕಿಡ್ನಿ ಸೋತವರು, ಪೊಟ್ಯಾಶಿಯಂ ಏರಿಸೋ ಬಿಪಿ ಮಾತ್ರೆ ತಗೊಳ್ಳೋರು ಕೇಳದೆ ಮುಟ್ಟಬಾರದು. ಪೊಟ್ಯಾಶಿಯಂ ಏರಿದ್ರೆ ಹೃದಯವೇ ನಿಲ್ಲಬಹುದು. ಹಾಗೇ, ನೀರಲ್ಲಿ ಬುಸ್ಸಂತ ಕರಗೋ ಮಾತ್ರೆಗಳ ಕಡೆಗೂ ಕಣ್ಣಿರಲಿ. ಒಂದೊಂದರಲ್ಲಿ 400 ಮಿಲಿಗ್ರಾಂ ಹತ್ತಿರ ಸೋಡಿಯಂ ಇರೋದುಂಟು. ದಿನಕ್ಕೆ ನಾಲ್ಕು ನುಂಗಿದ್ರೆ ಉಪ್ಪಿನ ಡಬ್ಬ ಮುಟ್ಟದೇನೇ ಮಿತಿ ಹತ್ತಿರ ಬಂತು.

ಹಳೇಸೈಕಲ್:
ಮರುಪರೀಕ್ಷೆ ಬಂತು, ಮೊದಲಿನ ಲ್ಯಾಬಲ್ಲೇ, 133. ವಾಕರಿಕೆ ಹೋಗಿದೆ. ಚಿಕ್ಕಪ್ಪನಿಗೆ ಭಾಗಾಕಾರ ಹೇಳಿದೆ, "ನಿಮ್ಮ ಕಾಲದ ಲೆಕ್ಕವೇ ಬೇರೆ" ಅಂದ್ರು.

ಇನ್ನು ಹೊಸ ಸಮಸ್ಯೆ. ಬಿಪಿ ನೋಡ್ಕೊಳ್ಳೋಕೆ ಅಪ್ಪ ದಿನಕ್ಕೆ ಎಷ್ಟು ಉಪ್ಪು ತಿಂತಾರೆ ಅಂತ ತಿಳೀಬೇಕು ಅಂದ್ರು ಡಾಕ್ಟರು. 24 ಗಂಟೆ ಮೂತ್ರ ಕೂಡಿಡೋಕೆ ಕ್ಯಾನ್ ಕೊಟ್ಟಿದ್ದಾರೆ. ಒಂದು ಸಲದ ಮೂತ್ರ ಸಾಲಲ್ವಾ? ಮತ್ತೆ ಇದನ್ನ ಶುರು ಮಾಡೋದು ಹೇಗೆ?

ಸಿರಿಂಜು:
133 ಒಳ್ಳೇ ಸುದ್ದಿ. ಒಂದು ಸಲದ್ದು ಸಾಲಲ್ಲ, ಗಂಟೆ ಗಂಟೆಗೂ ಬದಲಾಗುತ್ತೆ. ತಿಂದ ಸೋಡಿಯಂನಲ್ಲಿ ಹೆಚ್ಚುಕಡಿಮೆ 90 ಶೇಕಡಾ ಮೂತ್ರದಲ್ಲೇ ಹೋಗೋದರಿಂದ ಇಡೀ ದಿನದ್ದು ಸಿಕ್ಕಿದ್ರೆ ತಿಂದಿದ್ದೆಷ್ಟು ಅಂತ ಗೊತ್ತಾಗುತ್ತೆ. 17 ಮಿಲಿಮೋಲ್ ಅಂದ್ರೆ ಒಂದು ಗ್ರಾಂ ಉಪ್ಪು. ರಿಪೋರ್ಟಲ್ಲಿ ದಿನಕ್ಕೆ 170 ಬಂದ್ರೆ ಹತ್ತು ಗ್ರಾಂ ಹತ್ರ ಅಂತ ಇಟ್ಕೊಳ್ಳಿ.

ಬೆಳಿಗ್ಗೆ ಎದ್ದು ಮೊದಲನೇ ಮೂತ್ರ ಶೌಚಾಲಯಕ್ಕೇ ಹೋಗ್ಲಿ, ಅದು ಹಿಂದಿನ ದಿನದ್ದು. ಆ ಹೊತ್ತು ಬರೆದಿಡಿ. ಅಲ್ಲಿಂದಾಚೆ ಪ್ರತಿಯೊಂದೂ ಕ್ಯಾನಿಗೆ. ಮಾರನೇ ದಿನ ಅದೇ ಹೊತ್ತಿಗೆ ಕೊನೇ ಸಲ ಕ್ಯಾನಿಗೇ ಹೋಗಿಸಿ ಮುಗಿಸಿ. ನಡುವೆ ಒಂದು ತಪ್ಪಿದ್ರೂ ಮುಚ್ಚಿಡಬೇಡಿ, ಹೇಳಿ. ಮಲವಿಸರ್ಜನೆಗೆ ಹೋಗೋ ಮೊದಲೇ ಮೂತ್ರ ಹಿಡಿದಿಟ್ಕೊಳ್ಳಿ, ಬಹಳ ಜನ ಕಳೆಯೋದು ಅಲ್ಲೇ. ಕ್ಯಾನ್ ತಂಪಾದ ಜಾಗದಲ್ಲಿಡಿ.

ಹಳೇಸೈಕಲ್:
ಮೂತ್ರದ ಮಾತ್ರೆ ಈಗ ತಾನೇ ನಿಂತಿದೆಯಲ್ಲ, ತಕ್ಷಣ ಮಾಡಬಹುದಾ?

ರಾತ್ರಿಪಾಳಿ:
ಈಗ ಬೇಡ. ಮಾತ್ರೆ ಬದಲಾದ ಹೊಸತರಲ್ಲಿ ಕಿಡ್ನಿ ಹಳೇ ಬಾಕಿ ಸರಿಮಾಡ್ಕೊಳ್ತಾ ಇರುತ್ತೆ, ತಿಂದಿದ್ದಕ್ಕೂ ಹೋಗಿದ್ದಕ್ಕೂ ತಾಳೆ ಆಗಲ್ಲ. ಸೋಡಿಯಂ ಒಂದು ಕಡೆ ನಿಂತು, ಊಟ ಮೊದಲಿನ ಹಾಗೆ ಆದ ಮೇಲೆ ಮಾಡಿಸಿ. ಯಾವತ್ತು ಅಂತ ನಿಮ್ಮ ಡಾಕ್ಟರನ್ನೇ ಕೇಳಿ.

ಮೂರನೇಬೆಂಚು:
ಕ್ಯಾನ್ ಮೇಲೆ ದೊಡ್ಡದಾಗಿ ಬರೆದಿಡಿ ಅಣ್ಣ. ನಮ್ಮನೇಲಿ ಒಬ್ಬರು ತೊಳೆದು ಬೋರಲು ಹಾಕಿಬಿಟ್ಟಿದ್ರು.